ಗಾರೆಯವರ ಜಿಲ್ಲೆ: ಕ್ರೂಜ್‌ನ ಗುಳೆಯ ಚರಿತ್ರೆ

ಫ್ರಾನ್ಸಿನ ನಡುಭಾಗದ ಕ್ರೂಜ್ ಜಿಲ್ಲೆಯ ಹೆಸರೆತ್ತಿದರೆ ಅಲ್ಲಿನ ನಗರವಾಸಿಗಳಿಗೆ ನೆನಪಾಗುವುದು ದನಗಳು, ಹುಲ್ಲುಗಾವಲು, ಬೀಗ ಹಾಕಿದ ಮನೆಗಳು. ಹೊರಗಿನ ಗಾಳಿ ಸೋಕದ ಮೂಲೆ, ಅದಕ್ಕೇ ಜನ ಬಿಟ್ಟುಹೋದರು ಎಂಬುದು ರೂಢಿಯ ಮಾತು. ಅಂಕಿಗಳೂ ಮೇಲ್ನೋಟಕ್ಕೆ ಹಾಗೆಯೇ ಇವೆ. 1851ರಲ್ಲಿ 2 ಲಕ್ಷ 87 ಸಾವಿರ ಜನರಿದ್ದ ಜಿಲ್ಲೆಯಲ್ಲಿ ಈಗ ಉಳಿದವರು ಸುಮಾರು 1 ಲಕ್ಷ 15 ಸಾವಿರ. ಗುಳೆ ಹೋದ ಗಾರೆಯವರ ಚರಿತ್ರೆ ಮಾತ್ರ ಬೇರೆಯೇ ಕಥೆ ಹೇಳುತ್ತದೆ: ಪ್ಯಾರಿಸಿನ ನಂಟು ಅತಿಯಾಗಿದ್ದರಿಂದಲೇ ಕ್ರೂಜ್ ಬರಿದಾಯಿತು.

ಕ್ರಾಂತಿಯ ಸರ್ಕಾರ 1790ರಲ್ಲಿ ದೇಶವನ್ನು ಹೊಸ ಜಿಲ್ಲೆಗಳಾಗಿ ಹಂಚಿದಾಗ, ಬಹುಪಾಲು ಹಳೆಯ ಮಾರ್ಶ್ ಪ್ರಾಂತ್ಯದಿಂದ ಕ್ರೂಜ್ ರೂಪುಗೊಂಡಿತು. ಹೆಸರು ಅಲ್ಲಿನ ನದಿಯದು, ಜಿಲ್ಲಾಕೇಂದ್ರ ಗೇರೆ. 5,565 ಚದರ ಕಿಲೋಮೀಟರಿನ ಈ ನೆಲದ ಅಡಿಯಲ್ಲಿ ಹೆಚ್ಚಾಗಿ ಕಣಶಿಲೆ. ದಕ್ಷಿಣಕ್ಕೆ ಹೋದಂತೆ ಮಿಲ್‌ವಾಶ್ ಪ್ರಸ್ಥಭೂಮಿಯ ಚಳಿ. ತೆಳು ಮಣ್ಣಿನಲ್ಲಿ ರೈ ಧಾನ್ಯ ಬೆಳೆಯುತ್ತಿತ್ತು, ಆಲೂಗೆಡ್ಡೆ ಬರುತ್ತಿತ್ತು, ಚೆಸ್ಟ್‌ನಟ್ ಮರಗಳು ಹಸಿವು ನೀಗುತ್ತಿದ್ದವು. ಕಂದಾಯ ಕಟ್ಟಲು, ಸಾಲ ತೀರಿಸಲು ಬೇಕಾದ ನಗದು ಮಾತ್ರ ಹೊಲದಿಂದ ಹುಟ್ಟುತ್ತಿರಲಿಲ್ಲ.

ನಗದು ಹುಟ್ಟುತ್ತಿದ್ದದ್ದು ಕಟ್ಟಡಗಳಲ್ಲಿ. ಮಾರ್ಚ್ ಬಂತೆಂದರೆ ಗಂಡಸರು ತಂಡ ಕಟ್ಟಿಕೊಂಡು ಪ್ಯಾರಿಸಿಗೆ, ಲಿಯೋಂಗೆ ಹೊರಡುತ್ತಿದ್ದರು. ಚಳಿಗಾಲದ ಹೊತ್ತಿಗೆ ವಾಪಸು. ಉಳುಮೆ, ಕೊಯ್ಲು, ದನಕರು, ಮುದುಕರು ಎಲ್ಲವೂ ಹೆಂಗಸರ ಹೆಗಲಿಗೆ. ಗಂಡಸರು ಊರಲ್ಲಿರುವ ಚಳಿಗಾಲದಲ್ಲೇ ಮದುವೆಗಳೂ ನಡೆಯಬೇಕಿತ್ತು.

ಈ ಬದುಕನ್ನು ಒಳಗಿನಿಂದ ಬರೆದಿಟ್ಟವನು ಮಾರ್ತಾಂ ನಾದೋ. 1815ರಲ್ಲಿ ಸೂಬ್ರಬೋ ಗ್ರಾಮದ ಲಾ ಮಾರ್ತಿನೆಶ್ ಎಂಬ ಕೊಪ್ಪಲಿನಲ್ಲಿ ಹುಟ್ಟಿದ ಹುಡುಗ. ಓದು ಯಾಕೆಂದು ಅಜ್ಜ ತಕರಾರು ಎತ್ತಿದರೂ ಅಪ್ಪ ಹಟ ಹಿಡಿದು ಶಾಲೆಗೆ ಕಳಿಸಿದ. 1830ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ, ಆ ಅಪ್ಪನ ಜೊತೆಯಲ್ಲೇ ಹುಡುಗನೂ ಗುಳೆ ಹೊರಟ. ಮೈಮೇಲೆ ಒರಟು ಉಣ್ಣೆಯ ಸೆಟೆದ ಬಟ್ಟೆ, ಕಾಲಿಗೆ ದಪ್ಪ ಬೂಟು. ಓರ್ಲೆಯಾಂವರೆಗೆ ಹಲವು ದಿನಗಳ ನಡಿಗೆ, ಅಲ್ಲಿಂದ ಕುದುರೆಗಾಡಿ. ಪ್ಯಾರಿಸಿನಲ್ಲಿ ಊರಿನವರೆಲ್ಲ ಒತ್ತೊತ್ತಾಗಿ ಮಲಗುವ ಬಾಡಿಗೆ ಕೋಣೆ. ಬೆಳಗಾದರೆ ಗಾರೆ ಹೊರುವ ಕೆಲಸ. ಮುಂದೆ ನುರಿತ ಗಾರೆಯವನಾದ ಮೇಲೆ ಸಂಜೆ ಹೊತ್ತು ತನ್ನ ಸೀಮೆಯ ಹುಡುಗರಿಗೆ ಓದುಬರಹ ಕಲಿಸತೊಡಗಿದ. 1849ರಲ್ಲಿ ಶಾಸನಸಭೆಗೆ ಆಯ್ಕೆಯಾದ. 1851ರ ಡಿಸೆಂಬರಿನಲ್ಲಿ ಅಧ್ಯಕ್ಷ ಲೂಯಿ ನೆಪೋಲಿಯನ್ ಅಧಿಕಾರ ಕಬಳಿಸಿದಾಗ ದೇಶಭ್ರಷ್ಟನಾಗಿ ಇಂಗ್ಲೆಂಡಿನಲ್ಲಿ ಮತ್ತೆ ಗಾರೆ ಕೆಲಸ ಹಿಡಿದ, ಆಮೇಲೆ ಫ್ರೆಂಚ್ ಮೇಷ್ಟ್ರಾದ. 1870ರಲ್ಲಿ ಮರಳಿ ಬಂದು, ಕೆಲಕಾಲ ತನ್ನ ಜಿಲ್ಲೆಗೇ ಸರ್ಕಾರದ ಪ್ರತಿನಿಧಿಯಾಗಿದ್ದ. ಅವನ ಆತ್ಮಕಥೆ ಅಚ್ಚಾದದ್ದು 1895ರಲ್ಲಿ.

ರಾಜಧಾನಿಯ ರಾಜಕೀಯ ಹೀಗೆ ಗಾರೆಯವರ ಗಂಟುಮೂಟೆಯೊಳಗೆ ಹಳ್ಳಿಗೆ ಬರುತ್ತಿತ್ತು. ಕ್ರೂಜ್ ಸೇರಿದ ಲಿಮೂಜಾಂ ಸೀಮೆಯ ಬಗ್ಗೆ ಇತಿಹಾಸಕಾರ ಅಲಾಂ ಕೊರ್ಬಾಂ 1975ರಲ್ಲಿ ಪ್ರಕಟಿಸಿದ ಅಧ್ಯಯನ ಈ ಗುಳೆಯನ್ನು ಕೂಲಂಕಷವಾಗಿ ಶೋಧಿಸಿದೆ. ಆ ರಾಜಕೀಯದ ಛಾಯೆ ಮುಂದೆಯೂ ಉಳಿಯಿತು: ಜಿಲ್ಲೆಯ ಜಾಂತಿಯು ಗ್ರಾಮದಲ್ಲಿ ಮೊದಲ ಮಹಾಯುದ್ಧದ ಸ್ಮಾರಕ ನಿಂತಾಗ ಅದರ ಮೇಲೆ ವೀರಯೋಧನ ಪ್ರತಿಮೆಯಿರಲಿಲ್ಲ. ಅನಾಥ ಶಾಲಾ ಹುಡುಗನೊಬ್ಬ ಯುದ್ಧವನ್ನು ಶಪಿಸುವ ಬರಹದತ್ತ ಮುಷ್ಟಿ ಎತ್ತಿ ನಿಂತಿದ್ದಾನೆ. ಅಧಿಕಾರಿಗಳಿಗೆ ಇದು ಬಹುಕಾಲ ಇರುಸುಮುರುಸು ತಂದಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಗುಳೆ ಕಾಯಂ ವಲಸೆಯಾಗಿ ತಿರುಗಿದ್ದು ರೈಲು ಬಂದ ಮೇಲೆ. 1856ರಲ್ಲಿ ಪ್ಯಾರಿಸಿನ ಹಳಿ ಜಿಲ್ಲೆಯ ಲಾ ಸೂತರೆನ್ ಪಟ್ಟಣದ ಮೂಲಕ ಲಿಮೋಜ್ ಮುಟ್ಟಿತು. ಅತ್ತ 1853ರಿಂದ ರಾಜಧಾನಿಯ ಆಡಳಿತಾಧಿಕಾರಿ ಓಸ್ಮಾನ್ ಪ್ಯಾರಿಸನ್ನೇ ಕೆಡವಿ ಕಟ್ಟಿಸುತ್ತಿದ್ದ, ಕೆಲಸಕ್ಕೆ ಬರವಿಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಅಲ್ಲೇ ನೆಲೆಸುವುದು ಸಲೀಸಾಯಿತು. ಸುಗಮ ದಾರಿ ಊರನ್ನು ಉದ್ಧರಿಸುತ್ತದೆಂಬ ನಂಬಿಕೆ ಇಲ್ಲಿ ಕೈಕೊಟ್ಟಿತು.

ಊರಲ್ಲೇ ಉಳಿದು ಬೆಳೆದ ಕಸುಬೂ ಒಂದಿದೆ, ಒಬ್ಯುಸೋಂ ಪಟ್ಟಣದ ಟ್ಯಾಪೆಸ್ಟ್ರಿ, ಅಂದರೆ ಚಿತ್ರ ನೇಯ್ದ ಗೋಡೆಬಟ್ಟೆ. ಉಣ್ಣೆಯ ಜಿಡ್ಡು ತೆಗೆಯಲು, ಬಣ್ಣ ಹಾಕಲು ಅಲ್ಲಿನ ಮೆದು ನೀರು ಒಗ್ಗುತ್ತಿತ್ತು. 1665ರಲ್ಲಿ ದೊರೆಯ ಮಂತ್ರಿ ಕೋಲ್ಬೆರ್ ಈ ನೇಕಾರಿಕೆಗೆ ರಾಜಮುದ್ರೆ ಕೊಡಿಸಿದ. 1685ರಲ್ಲಿ ಪ್ರಾಟೆಸ್ಟಂಟರ ಹಕ್ಕು ರದ್ದಾದಾಗ ಆ ಪಂಥದ ಅನೇಕ ನೇಕಾರರು ಜರ್ಮನಿಯ ಕಡೆ ಓಡಿದರು. ಮಗ್ಗ ಇಲ್ಲಿ ಅಡ್ಡಡ್ಡ. ಚಿತ್ರದ ನಕ್ಷೆ ಹಾಸಿನ ಅಡಿಯಲ್ಲಿ, ನೇಯುವವರ ಕಣ್ಣೆದುರಿಗೆ ಬಟ್ಟೆಯ ಬೆನ್ನು. ಮುಖಭಾಗ ಹೇಗೆ ಬಂದಿದೆಯೆಂದು ಕೆಳಗೆ ಪುಟ್ಟ ಕನ್ನಡಿ ತೂರಿಸಿ ನೋಡಬೇಕು. ಇಡೀ ಚಿತ್ರ ಕಾಣುವುದು ಮಗ್ಗದಿಂದ ಕತ್ತರಿಸಿ ಇಳಿಸಿದ ದಿನವೇ. 1939ರಲ್ಲಿ ಬಂದ ಕಲಾವಿದ ಝಾಂ ಲ್ಯುರ್ಸಾ ಈ ಕಸುಬಿಗೆ ಮರುಜೀವ ಕೊಟ್ಟ. 2009ರಲ್ಲಿ ಯುನೆಸ್ಕೊ ಮನ್ನಣೆ ದೊರೆಯಿತು.

ಖಾಲಿ ಜಿಲ್ಲೆಯೆಂಬ ಹಣೆಪಟ್ಟಿಯ ಅತ್ಯಂತ ಕೆಟ್ಟ ಫಲ ಇಪ್ಪತ್ತನೆಯ ಶತಮಾನದ್ದು. 1962ರಿಂದ 1984ರವರೆಗೆ, ಬರಿದಾದ ಹಳ್ಳಿಗಾಡನ್ನು ತುಂಬಲೆಂದು, ಸರ್ಕಾರ ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪದಿಂದ 2,000ಕ್ಕೂ ಹೆಚ್ಚು ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ಫ್ರಾನ್ಸಿಗೆ ಸಾಗಿಸಿತು. ಎಷ್ಟೋ ಮಕ್ಕಳು ಕೂಲಿಯಿಲ್ಲದೆ ಹೊಲಮನೆಗಳಲ್ಲಿ ದುಡಿದರು. ಕ್ರೂಜ್‌ಗೆ ಬಂದವರು ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ, ಮಿಕ್ಕವರು ಹತ್ತಾರು ಜಿಲ್ಲೆಗಳಲ್ಲಿ ಚದುರಿಹೋದರು. ಆದರೂ ಎಲ್ಲರನ್ನೂ ದೇಶ ಕರೆದದ್ದು ‘ಕ್ರೂಜ್‌ನ ಮಕ್ಕಳು’ ಎಂದೇ. ಇದರಲ್ಲಿ ಸರ್ಕಾರದ ನೈತಿಕ ಹೊಣೆಯನ್ನು ಫ್ರೆಂಚ್ ಸಂಸತ್ತಿನ ಕೆಳಮನೆ ಒಪ್ಪಿಕೊಂಡಿದ್ದು 2014ರ ಫೆಬ್ರುವರಿಯಲ್ಲಿ.