ಹಾದುಹೋಗುವವರ ರಸ್ತೆ, ಬಾಳುವವರ ಪೇಟೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ನಕ್ಷೆಯಲ್ಲಿ ಈ ಮೂರು ಪೇಟೆಗಳನ್ನು ಗೆರೆ ಎಳೆದು ಜೋಡಿಸಿದರೆ ಒಂದು ಪುಟ್ಟ ತ್ರಿಕೋನವಾಗುತ್ತದೆ. ಮೂರರಲ್ಲಿ ಒಂದೂ ನಗರವೆನ್ನುವಷ್ಟು ದೊಡ್ಡದಲ್ಲ. ಆದರೆ ಶಾಲೆ ಆರಂಭವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಇಲ್ಲಿ ರಸ್ತೆ ದಾಟಲು ನಿಂತವರಿಗೆ ಬೆಂಗಳೂರಿನ ಗೊಂದಲ ಹೊಸದೆನಿಸದು. ಕಾರಣ ಕೇಳಿದರೆ ಎಲ್ಲರ ಉತ್ತರವೂ ಒಂದೇ: ರಸ್ತೆ ಕಿರಿದು, ವಾಹನ ಹೆಚ್ಚು. ಇದು ಅರ್ಧ ಸತ್ಯ ಮಾತ್ರ. ಉಳಿದರ್ಧವನ್ನು ತಿಳಿಯಲು ಈ ರಸ್ತೆಗಳು ಯಾರಿಗಾಗಿ ಹುಟ್ಟಿದವು ಎಂಬುದನ್ನು ನಾವು ನೋಡಬೇಕಾಗುತ್ತದೆ.

ಹೊಳೆಯೇ ಹೆದ್ದಾರಿಯಾಗಿದ್ದಾಗ

ಟಿಪ್ಪು ಸುಲ್ತಾನ್ ಮಡಿದ ಎರಡು ವರ್ಷದೊಳಗೆ, 1801ರ ಆರಂಭದಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈ ಪ್ರದೇಶವನ್ನು ಸುತ್ತಿದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ಹೆಸರು ಸಾಲಾಗಿ ಬರುತ್ತವೆ. ಅಂದು ಈ ಸೀಮೆಯ ನಿಜವಾದ ಹೆದ್ದಾರಿ ನೇತ್ರಾವತಿ. ಮಂಗಳೂರಿನಿಂದ ಉಪ್ಪು, ಒಣಮೀನು ಹೇರಿಕೊಂಡ ದೋಣಿಗಳು ಬಂಟ್ವಾಳದವರೆಗೆ ಬರುತ್ತಿದ್ದವು. ಘಟ್ಟದಿಂದ ಇಳಿದು ಬಂದ ಸರಕು ಇಲ್ಲಿಂದ ದೋಣಿ ಹತ್ತುತ್ತಿತ್ತು. ಬ್ಯಾರಿಗಳು, ಕೊಂಕಣಿಗರು, ಇತರ ವರ್ತಕರು ಈ ದಂಡೆಯ ವ್ಯಾಪಾರದಿಂದಲೇ ಬದುಕು ಕಟ್ಟಿಕೊಂಡರು.

ಬೆಳ್ತಂಗಡಿಯದು ಬೇರೆ ಕತೆ. ಅದು ಘಟ್ಟದ ಬುಡದ ಊರು. ಟಿಪ್ಪು 1794ರಲ್ಲಿ ತನ್ನ ತಾಯಿಯ ಹೆಸರಿನಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆ, ಜನರ ಬಾಯಲ್ಲಿ ಗಡಾಯಿಕಲ್ಲು, ಇಂದಿಗೂ ಆ ಬಯಲನ್ನು ನೋಡುತ್ತಾ ನಿಂತಿದೆ. ಘಟ್ಟಕ್ಕೂ ಕಡಲಿಗೂ ನಡುವಣ ದಾರಿಯ ಮೇಲೆ ಕಣ್ಣಿಡುವವನಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗದು. ಮೂಡುಬಿದಿರೆ ಹದಿನೆಂಟು ಬಸದಿಗಳ ಪೇಟೆ. 1430ರ ಸಾವಿರ ಕಂಬದ ಬಸದಿಯ ಸುತ್ತಣ ಬೀದಿಗಳನ್ನು ಅಳೆದದ್ದು ನಡೆಯುವವರ ಹೆಜ್ಜೆ ಮತ್ತು ರಥದ ಗಾಲಿ.

ಆ ಕಾಲವನ್ನು ಸ್ವರ್ಗವೆಂದು ಬಣ್ಣಿಸಬೇಕಿಲ್ಲ. ಮಳೆಗಾಲದಲ್ಲಿ ದೋಣಿ ಮಗುಚುತ್ತಿತ್ತು, ಘಟ್ಟದಲ್ಲಿ ಹುಲಿಯ ಭಯವಿತ್ತು. ಆದರೂ ದಾರಿ ಮಾಡಿದವರು ನಡೆಯುವವನನ್ನು ಮರೆತಿರಲಿಲ್ಲ. ತಲೆಹೊರೆ ಇಳಿಸಲು ಕಲ್ಲು ನೆಡುವುದು, ನೆರಳಿಗೆ ಮರ ಬೆಳೆಸಿ ಕಟ್ಟೆ ಕಟ್ಟುವುದು, ಬೇಸಿಗೆಯಲ್ಲಿ ನೀರು ಮಜ್ಜಿಗೆಯ ಅರವಟ್ಟಿಗೆ ಇಡುವುದು ಪುಣ್ಯದ ಕೆಲಸವೆನಿಸಿತ್ತು. ದಾರಿಯಲ್ಲಿ ತೊಂದರೆ ಕೊಡುವ ಮುಳ್ಳು ಕಲ್ಲುಗಳನ್ನು ಸರಿಸುವುದೂ ವಿಶ್ವಾಸದ ಭಾಗವೆಂದು ಮದ್ರಸದಲ್ಲಿ ಮಕ್ಕಳು ಇಂದಿಗೂ ಕಲಿಯುತ್ತಾರೆ. ರಾತ್ರಿ ಯಕ್ಷಗಾನ ನೋಡಿ ಸೂಟೆ ಬೀಸುತ್ತಾ ಮರಳುವವರಿಗೆ ಹಾವಿನ ಹೆದರಿಕೆ ಇತ್ತೇ ಹೊರತು ಹಿಂದಿನಿಂದ ಬರುವ ಗಾಡಿಯ ಹೆದರಿಕೆ ಇರಲಿಲ್ಲ.

ಮೋಟಾರು ಬಂತು, ಪೇಟೆ ಜಾರಿತು

1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ, ಅಂದರೆ ನಮ್ಮ ಹಿರಿಯರ ಸಿ.ಪಿ.ಸಿ., ಹುಟ್ಟಿಕೊಂಡಿತು. ದೇಶದ ಹಳೆಯ ಬಸ್ಸು ಕಂಪೆನಿಗಳಲ್ಲಿ ಅದೂ ಒಂದು. ಶತಮಾನ ದಾಟಿದ ಪಾಣೆಮಂಗಳೂರಿನ ಹಳೆಯ ಸೇತುವೆ ನೇತ್ರಾವತಿಯ ಎರಡು ದಂಡೆಗಳನ್ನು ಜೋಡಿಸಿತು. 1923ರ ಮಹಾನೆರೆ ಬಂಟ್ವಾಳ ಮತ್ತು ಪಾಣೆಮಂಗಳೂರು ಪೇಟೆಗಳನ್ನು ಮುಳುಗಿಸಿತು. ತುಳುವಿನಲ್ಲಿ ಅದಕ್ಕೆ 'ಮಾರಿ ಬೊಳ್ಳ' ಎಂದೇ ಹೆಸರು. 1974ರಲ್ಲಿ ಮತ್ತೊಂದು ದೊಡ್ಡ ನೆರೆ ಬಂತು. ಇಷ್ಟರಲ್ಲಿ ಸರಕು ದೋಣಿಯಿಂದ ಲಾರಿಗೆ ದಾಟಿತ್ತು.

ದಂಡೆಯ ಹಳೆ ಪೇಟೆ ಮಂಕಾಗುತ್ತಾ ಬಂದಂತೆ ರಸ್ತೆಗಳು ಕೂಡುವಲ್ಲಿ ಹೊಸ ಪೇಟೆ ಎದ್ದಿತು. ಅದರ ಹೆಸರನ್ನೇ ನೋಡಿ: ಬಿ.ಸಿ.ರೋಡ್, ಅಂದರೆ ಬಂಟ್ವಾಳ ಕ್ರಾಸ್ ರೋಡ್. ಒಂದು ಅಡ್ಡರಸ್ತೆಯೇ ಊರಿನ ಹೆಸರಾದದ್ದು. ತಾಲೂಕು ಕಚೇರಿ, ಬಸ್ ನಿಲ್ದಾಣ, ಅಂಗಡಿ, ಆಸ್ಪತ್ರೆ ಎಲ್ಲವೂ ರಸ್ತೆಯನ್ನೇ ಅಂಟಿಕೊಂಡವು. ಗುರುವಾಯನಕೆರೆ, ಉಜಿರೆ, ಮಾಣಿ, ಕಲ್ಲಡ್ಕಗಳೂ ಹೀಗೆಯೇ ಬೆಳೆದವು. ದೂರದ ಲಾರಿ ಹಾದುಹೋಗುವ ರಸ್ತೆಯೂ ಊರಿನ ಹೆಂಗಸರು ಮೀನು ತರಲು ಹೋಗುವ ರಸ್ತೆಯೂ ಒಂದೇ ಆಯಿತು. ಇಂದಿನ ನಮ್ಮ ಸಂಕಟದ ಬೇರು ಇಲ್ಲಿದೆ.

ರೈಲು ಈ ಹೊರೆಯನ್ನು ಇಳಿಸಬಹುದಿತ್ತು. ಮಂಗಳೂರು ಹಾಸನ ಮಾರ್ಗ ತೆರೆದದ್ದು 1979ರಲ್ಲಿ. ಹಳಿ ಬದಲಾವಣೆಗೆಂದು ಅದು ವರ್ಷಗಟ್ಟಲೆ ನಿಂತು, ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರಲ್ಲಿ. ಬಂಟ್ವಾಳಕ್ಕೆ ನಿಲ್ದಾಣವಿದೆ. ಬೆಳ್ತಂಗಡಿ, ಮೂಡುಬಿದಿರೆ ಪೇಟೆಗಳಿಗೆ ಹಳಿಯೇ ತಲುಪಲಿಲ್ಲ. ಧರ್ಮಸ್ಥಳದ ಯಾತ್ರಿಕರು, ಮೂಡುಬಿದಿರೆಯ ಸಾವಿರಾರು ವಿದ್ಯಾರ್ಥಿಗಳು, ಕಟ್ಟಡದ ಕಲ್ಲು, ಅಡಿಕೆ, ರಬ್ಬರು ಎಲ್ಲಕ್ಕೂ ಡಾಮರೇ ಗತಿ. ಶಿರಾಡಿ ಘಾಟಿ ಕಾಂಕ್ರೀಟಿಗಾಗಿ 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ಮುಚ್ಚಿದಾಗ ಚಾರ್ಮಾಡಿಯ ಮೇಲೆ ಹೊರೆ ಬಿತ್ತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯೇ ಕುಸಿಯಿತು. ಒಂದು ಘಾಟಿ ಮುಚ್ಚಿದರೆ ಇನ್ನೊಂದರ ಬುಡದ ಪೇಟೆ ಉಸಿರುಗಟ್ಟುತ್ತದೆ.

'ಮೂರನೆಯ ವ್ಯಕ್ತಿ'

ಕಾನೂನು ಸುಮ್ಮನೆ ಕೂತಿರಲಿಲ್ಲ. 1939ರ ಮೋಟಾರು ವಾಹನ ಕಾಯ್ದೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರವನ್ನೂ ಬಸ್ಸಿಗೆ ಪರ್ಮಿಟ್ಟು, ವೇಳಾಪಟ್ಟಿಯನ್ನೂ ತಂದಿತು. ನಮ್ಮ ಜಿಲ್ಲೆಯ ಖಾಸಗಿ ಬಸ್ಸುಗಳ ಶಿಸ್ತು ಹೆಸರುವಾಸಿ. ಆದರೆ ಅದೇ ವೇಳಾಪಟ್ಟಿಗೆ ಇನ್ನೊಂದು ಮುಖವೂ ಇದೆ. ಪರ್ಮಿಟ್ಟುಗಳು ಹೆಚ್ಚಿ, ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವೆ ಕೆಲವೇ ನಿಮಿಷ ಉಳಿದಾಗ ಮುಂದಿನ ನಿಲ್ದಾಣದ ಪ್ರಯಾಣಿಕ ಯಾರಿಗೆ ಎಂಬುದೇ ಪೈಪೋಟಿಯಾಯಿತು. ಮುದುಕಿಯ ಎರಡನೆಯ ಕಾಲು ಮೆಟ್ಟಿಲಿಗೆ ಬರುವ ಮೊದಲೇ 'ರೈಟ್, ಪೋಯಿ' ಎಂಬ ಕೂಗು ಬೀಳುತ್ತದೆ. ಚಾಲಕ ಕೆಟ್ಟವನೆಂದಲ್ಲ. ದಿನದ ಕಲೆಕ್ಷನ್ನಿನ ಲೆಕ್ಕ ಅವನ ಬೆನ್ನಿಗೆ ಕೂತಿರುತ್ತದೆ.

ಅದೇ ಕಾಯ್ದೆಯ ಕಡ್ಡಾಯ ವಿಮೆಯ ಅಧ್ಯಾಯ 1946ರ ಜುಲೈ 1ರಿಂದ ಜಾರಿಗೆ ಬಂತು. ವಾಹನ ಬಡಿದು ಸತ್ತ ದಾರಿಹೋಕನ ಮನೆಯವರಿಗೆ ಪರಿಹಾರದ ಭರವಸೆ ಸಿಕ್ಕಿದ್ದು ಅಂದಿನಿಂದ. ಒಳ್ಳೆಯ ಕಾನೂನು. ಆದರೆ ಅದರ ಭಾಷೆಯನ್ನು ಗಮನಿಸಿ. ವಾಹನದ ಒಡೆಯ ಒಬ್ಬ, ವಿಮಾ ಕಂಪೆನಿ ಇನ್ನೊಬ್ಬ, ದಾರಿಯಲ್ಲಿ ನಡೆಯುತ್ತಿದ್ದವನು 'ಥರ್ಡ್ ಪಾರ್ಟಿ'. ವಿಮೆಯ ಕಾಗದದಲ್ಲಿ ಈ ಲೆಕ್ಕ ಸರಿ. ನಾವು ರಸ್ತೆ ಕಟ್ಟುವಾಗಲೂ ಅದೇ ಲೆಕ್ಕ ಹಿಡಿದದ್ದು ತಪ್ಪು.

ಬಿ.ಸಿ.ರೋಡಿನ ಮೇಲ್ಸೇತುವೆಯಿಂದ ಹಾದುಹೋಗುವ ಗಾಡಿಗಳಿಗೆ ಅನುಕೂಲವಾಯಿತು. ಕೆಳಗೆ ಬಸ್ಸು ಹಿಡಿಯುವವರ ಪಾಡು ಹಾಗೆಯೇ ಉಳಿಯಿತು. ಬಿ.ಸಿ.ರೋಡಿನಿಂದ ಅಡ್ಡಹೊಳೆಯವರೆಗಿನ ಚತುಷ್ಪಥ ಕಾಮಗಾರಿ ವರ್ಷಗಟ್ಟಲೆ ಎಳೆಯಿತು. ಕಲ್ಲಡ್ಕದವರು ಬೇಸಿಗೆಯ ಧೂಳನ್ನೂ ಮಳೆಗಾಲದ ಕೆಸರನ್ನೂ ಉಂಡ ಮೇಲೆ 2025ರಲ್ಲಿ ಅಲ್ಲಿನ ಉದ್ದನೆಯ ಮೇಲ್ಸೇತುವೆ ತೆರೆಯಿತು. ಮೂಡುಬಿದಿರೆಯ ಕಡೆ ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ ಸುಮಾರು 45 ಕಿಲೋಮೀಟರ್ ರಸ್ತೆಯ ಅಗಲೀಕರಣವೂ ಭೂಸ್ವಾಧೀನದ ಜಗಳಗಳನ್ನು ದಾಟಿ ಬರಬೇಕಾಯಿತು. ಇವೆಲ್ಲ ಬೇಕಾದ ಕೆಲಸಗಳೇ. ಆದರೆ ಎರಡು ಲೇನು ದಾಟುತ್ತಿದ್ದ ಮಗು ಇನ್ನು ನಾಲ್ಕು ಲೇನು ದಾಟಬೇಕು, ಅದೂ ಮೊದಲಿಗಿಂತ ವೇಗವಾಗಿ ಬರುವ ವಾಹನಗಳ ನಡುವೆ. ಆ ಮಗುವಿಗೆ ನಾವು ಏನು ಕಟ್ಟಿಕೊಟ್ಟೆವು?

ಲೆಕ್ಕ ಏನು ಹೇಳುತ್ತದೆ

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ರಷ್ಟು ದ್ವಿಚಕ್ರ ಸವಾರರು, ಸುಮಾರು ಐವರಲ್ಲಿ ಒಬ್ಬರು ಪಾದಚಾರಿಗಳು. ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ಆ ವರದಿ ಹೇಳುತ್ತದೆ. ರಸ್ತೆ ಕಿರಿದಾದುದರಿಂದ ಜನ ಸಾಯುತ್ತಾರೆ ಎಂಬ ನಮ್ಮ ವಾದ ಇಲ್ಲಿ ಬಿದ್ದುಹೋಗುತ್ತದೆ. ಕಿರಿದಾದ ರಸ್ತೆ ತಡಮಾಡಿಸುತ್ತದೆ, ಕೊಲ್ಲುವುದು ವೇಗ.

ಸ್ವೀಡನ್ನಿನ ಸಂಸತ್ತು 1997ರಲ್ಲಿ ಒಂದು ಸರಳ ತತ್ವವನ್ನು ಒಪ್ಪಿಕೊಂಡಿತು. ಮನುಷ್ಯ ತಪ್ಪು ಮಾಡುತ್ತಾನೆ, ಆದರೆ ಆ ತಪ್ಪಿಗೆ ಸಾವು ಶಿಕ್ಷೆಯಾಗಬಾರದು, ರಸ್ತೆಯನ್ನು ಹಾಗೆ ಕಟ್ಟಬೇಕು. ಜನ ನಡೆದಾಡುವಲ್ಲಿ ಗಂಟೆಗೆ 30 ಕಿಲೋಮೀಟರ್ ಮೀರದಿರಲಿ ಎಂಬ ಮಾತನ್ನು 2020ರ ಸ್ಟಾಕ್‌ಹೋಮ್ ಘೋಷಣೆಯೂ ಎತ್ತಿಹಿಡಿಯಿತು. ನಮ್ಮಲ್ಲೂ ಒಳ್ಳೆಯ ಹೆಜ್ಜೆಗಳಿವೆ. 2016ರ ಜನವರಿಯಿಂದ ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ಅದೇ ವರ್ಷ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಗಾಯಾಳುವನ್ನು ಆಸ್ಪತ್ರೆಗೆ ಒಯ್ದವರನ್ನು ಪೊಲೀಸರಾಗಲಿ ಆಸ್ಪತ್ರೆಯಾಗಲಿ ಪೀಡಿಸಬಾರದೆಂಬ ಮಾರ್ಗಸೂಚಿಗೆ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಆ ರಕ್ಷಣೆ ಕಾಯ್ದೆಯೊಳಗೇ ಸೇರಿತು. ಆದರೂ ರಕ್ತ ಸುರಿಯುವವನ ಸುತ್ತ ನಿಂತು 'ಕೇಸು ಯಾರಿಗೆ ಬೇಕು' ಎನ್ನುವವರು ಇನ್ನೂ ಇದ್ದಾರೆ. ಈ ಕಾನೂನನ್ನು ಸಂಘ, ಜಮಾಅತ್, ಭಜನಾ ಮಂಡಳಿ, ಚರ್ಚಿನ ಸಭೆಗಳಲ್ಲಿ ಹೇಳುವವರು ಬೇಕು.

ನಮ್ಮ ಅಂಗಳದಿಂದಲೇ

ಪೇಟೆಯ ರಸ್ತೆಯನ್ನು ಸರಿಪಡಿಸಲು ಕೋಟಿಗಳೇ ಬೇಕೆಂದಿಲ್ಲ. ಶಾಲೆ, ಮದ್ರಸಗಳ ಮುಂದೆ ವೇಗ ತಗ್ಗಿಸುವ ಏರ್ಪಾಡು, ಬಣ್ಣ ಮಾಸದ ಜೀಬ್ರಾ ಪಟ್ಟೆ, ನಡುವೆ ನಿಂತು ಉಸಿರಾಡಲು ಒಂದಿಷ್ಟು ಜಾಗ, ಅಂಗಡಿಯ ಸಾಮಾನು ಮತ್ತು ಬೈಕುಗಳಿಂದ ಬಿಡಿಸಿಕೊಂಡ ಕಾಲುದಾರಿ, ಕೂಡುರಸ್ತೆಯಿಂದ ತುಸು ದೂರದಲ್ಲಿ ಬಸ್ ತಂಗುದಾಣ, ರಾತ್ರಿಗೆ ಬೆಳಕು. ಪುರಸಭೆ, ಪಟ್ಟಣ ಪಂಚಾಯತಿನ ಬಜೆಟ್ಟಿಗೆ ಮೀರಿದ ಪಟ್ಟಿಯಲ್ಲ ಇದು. ಹೆದ್ದಾರಿಯವರನ್ನೂ ಪೊಲೀಸರನ್ನೂ ಒಟ್ಟಿಗೆ ಕೂರಿಸಿ ಕೇಳುವ ಹಟ ಊರಿಗಿರಬೇಕು.

ಊರು ತನ್ನ ಕಡೆಗೂ ನೋಡಿಕೊಳ್ಳಬೇಕು. ಶುಕ್ರವಾರ ಮಸೀದಿಯ ಮುಂದೆ, ಜಾತ್ರೆಯ ದಿನ ದೇವಸ್ಥಾನದ ಮುಂದೆ, ಮದುವೆಯ ದಿನ ಸಭಾಭವನದ ಮುಂದೆ ಹೆದ್ದಾರಿಯ ಅರ್ಧ ಪಾರ್ಕಿಂಗಾಗುತ್ತದೆ. ರಂಝಾನಿನ ಸಂಜೆ ಇಫ್ತಾರಿಗೆ ಮನೆ ಮುಟ್ಟುವ ಆತುರದಲ್ಲಿ ಬೈಕು ಓಡಿಸುವ ಹುಡುಗನಿಗೆ, ಒಂದು ಖರ್ಜೂರ ಜೇಬಿನಲ್ಲಿದ್ದರೆ ದಾರಿಬದಿಯಲ್ಲೇ ಉಪವಾಸ ತೊರೆಯಬಹುದೆಂದು ಹೇಳುವ ಹಿರಿಯರು ಬೇಕು. ಹದಿನೈದರ ಮಗನ ಕೈಗೆ ಸ್ಕೂಟರಿನ ಕೀ ಕೊಡುವುದು ಪ್ರೀತಿಯಲ್ಲ.

ಪಾಣೆಮಂಗಳೂರಿನ ಹಳೆಯ ಸೇತುವೆ ಕಿರಿದಾದದ್ದು. ಎದುರಿನಿಂದ ಬರುವವನಿಗೆ ದಾರಿ ಬಿಟ್ಟು ಕಾಯುವುದನ್ನು ಅದು ತಲೆಮಾರುಗಳಿಗೆ ಕಲಿಸಿತು. ಈಗ ರಸ್ತೆಗಳು ಅಗಲವಾಗುತ್ತಿವೆ. ನಾಳೆ ಬೆಳಗ್ಗೆ ಮದ್ರಸದ ಕಿತಾಬು, ಶಾಲೆಯ ಚೀಲ ಹೊತ್ತ ಮಗುವೊಂದು ಅದರ ಅಂಚಿನಲ್ಲಿ ನಿಂತಿರುತ್ತದೆ. ಅದು ದಾಟುವವರೆಗೆ ಕಾಯುವ ಬುದ್ಧಿ ನಮಗಿದ್ದರೆ, ಕಟ್ಟಿದ ರಸ್ತೆ ಊರಿಗೂ ಸೇರಿದ್ದೆಂದು ಹೇಳಬಹುದು.