ಗಣಿಯಿಂದ ಬಂದ ಮಕ್ಕಳ ಕುದುರೆ

ಮಾಥೆರಾನಿನಲ್ಲಿ, ಮಹಾಬಳೇಶ್ವರದಲ್ಲಿ, ಊಟಿಯ ಕೆರೆಯ ಪಕ್ಕದಲ್ಲಿ ಮಗುವನ್ನು ಕುದುರೆ ಹತ್ತಿಸುವ ಮುನ್ನ ಅಪ್ಪ ಅಮ್ಮ ಕೇಳುವುದು ಒಂದೇ ಪ್ರಶ್ನೆ: ಇದು ಸಾಧುವಾ? ಕುದುರೆಯವನು ಹೌದೆನ್ನುತ್ತಾನೆ. ಬೇರೆ ಇನ್ನೇನು ಹೇಳಿಯಾನು? ಕನ್ನಡದಲ್ಲಿ ‘ಸಾಧು’ ಎಂಬ ಮಾತು ಮಠ ಮಂದಿರಗಳಲ್ಲಿ ಓಡಾಡುವಷ್ಟೇ ಕೊಟ್ಟಿಗೆಯಲ್ಲೂ ಓಡಾಡುತ್ತದೆ. ಹಾಯದ, ಒದೆಯದ, ಹೊಸಬರು ಕೆಚ್ಚಲಿಗೆ ಕೈ ಹಾಕಿದರೂ ಸುಮ್ಮನೆ ನಿಲ್ಲುವ ಹಸು ಸಾಧು. ಹಸು ಮಾರುವವನು ಈ ಮಾತು ಹೇಳಿದರೆ ಕೊಳ್ಳುವವನು ಅಷ್ಟಕ್ಕೇ ಬಿಡುವುದಿಲ್ಲ. ಎಷ್ಟನೆಯ ಸೂಲು, ಯಾರು ಕರೆಯುತ್ತಿದ್ದರು, ಮನೆಯಲ್ಲಿ ಮಕ್ಕಳಿದ್ದರೇ ಎಂದೆಲ್ಲ ವಿಚಾರಿಸುತ್ತಾನೆ. ಸಾಧುತನಕ್ಕೆ ಹಿಂದಿನ ಕಥೆ ಇರುತ್ತದೆಂದು ಅವನಿಗೆ ಗೊತ್ತು.

ಜಗತ್ತಿನಲ್ಲಿ ಮಕ್ಕಳ ಕುದುರೆ ಎಂದು ಅತಿ ಹೆಚ್ಚು ಹೆಸರಾದ ತಳಿ ಶೆಟ್‌ಲ್ಯಾಂಡ್ ಪೋನಿ. ಅದರ ಹಿಂದಿನ ಕಥೆಯನ್ನು ವಿಚಾರಿಸಿದರೆ ಹುಲ್ಲುಹಾಸಿನ ಮೇಲೆ ರಿಬ್ಬನ್ ಕಟ್ಟಿಕೊಂಡು ನಿಂತ ಮುದ್ದು ಪ್ರಾಣಿ ಎಲ್ಲೋ ಮರೆಯಾಗಿ, ಮಸಿ ಮೆತ್ತಿದ ಬೇರೆಯದೇ ಒಂದು ಕುದುರೆ ಎದುರಾಗುತ್ತದೆ.

ಶೆಟ್‌ಲ್ಯಾಂಡ್ ಎಂಬುದು ಸ್ಕಾಟ್ಲೆಂಡಿನ ಉತ್ತರಕ್ಕೆ, ಕಡಲ ನಡುವೆ, 60 ಡಿಗ್ರಿ ಅಕ್ಷಾಂಶದಲ್ಲಿ ಚದುರಿ ಬಿದ್ದಿರುವ ನೂರಕ್ಕೂ ಹೆಚ್ಚು ದ್ವೀಪಗಳ ಗುಂಪು. ಹೆಚ್ಚಿನವುಗಳಲ್ಲಿ ಜನವಸತಿ ಇಲ್ಲ. ಮರಗಳೂ ಇಲ್ಲವೆನ್ನುವಷ್ಟು ಕಡಿಮೆ, ಗಾಳಿ ಬೆಳೆಯಗೊಡುವುದಿಲ್ಲ. ಇಂಥಲ್ಲಿ ಸಾವಿರ ವರ್ಷಕ್ಕೂ ಮೊದಲಿನಿಂದ ಸಣ್ಣ ಕುದುರೆಗಳಿವೆ. ಬುರ್ರಾ ದ್ವೀಪದ ಪಾಪಿಲ್ ಎಂಬಲ್ಲಿ ಸಿಕ್ಕ ಒಂದು ಹಳೆಯ ಕೆತ್ತನೆಯ ಕಲ್ಲಿನಲ್ಲಿ ಮುಸುಕು ಹೊದ್ದ ಸನ್ಯಾಸಿಗಳು ಸಾಲಾಗಿ ನಡೆದು ಹೋಗುತ್ತಿದ್ದಾರೆ. ಒಬ್ಬ ಮಾತ್ರ ಪುಟ್ಟದೊಂದು ಕುದುರೆಯ ಮೇಲೆ ಕುಳಿತಿದ್ದಾನೆ. ದ್ವೀಪದ ರೈತರಿಗೆ ಈ ಕುದುರೆ ಮುಖ್ಯವಾಗಿ ಹೊರೆ ಹೊರುವ ಪ್ರಾಣಿ. ಸೌದೆಯಿಲ್ಲದ ಊರಿನಲ್ಲಿ ಒಲೆಗೆ ಬೇಕಾದದ್ದು ಪೀಟ್, ಅಂದರೆ ಜೌಗು ನೆಲದಿಂದ ಹೆಂಟೆ ಹೆಂಟೆಯಾಗಿ ಕತ್ತರಿಸಿ ಒಣಗಿಸಿದ ಮಣ್ಣು. ಕುದುರೆಯ ಬೆನ್ನಿಗೆ ಮರದ ಚೌಕಟ್ಟು ಕಟ್ಟಿ, ಎರಡೂ ಬದಿಗೆ ಬುಟ್ಟಿ ಇಳಿಬಿಟ್ಟು, ಅದನ್ನು ಗುಡ್ಡದಿಂದ ಮನೆಗೆ ತರುತ್ತಿದ್ದರು. ಕೆಲಸ ಮುಗಿದ ಮೇಲೆ ಕುದುರೆಯನ್ನು ಊರವರೆಲ್ಲರ ಗೋಮಾಳಕ್ಕೆ ಅಟ್ಟುತ್ತಿದ್ದರು. ಚಳಿಗಾಲದಲ್ಲಿ ಅದು ತನ್ನ ಮೇವನ್ನು ತಾನೇ ಹುಡುಕಿಕೊಳ್ಳಬೇಕು. ಕಡಲ ದಂಡೆಗೆ ಇಳಿದು ಪಾಚಿ ತಿಂದು ಬದುಕಿದ ಕುದುರೆಗಳೂ ಇದ್ದವು. ಕಡಿಮೆ ಮೇವಿನಲ್ಲಿ ಬದುಕುವ ಸಣ್ಣ ಮೈ, ಮಳೆನೀರು ಚರ್ಮಕ್ಕೆ ಇಳಿಯದಂತೆ ಎರಡು ಪದರದ ಚಳಿಗಾಲದ ಕೂದಲು, ಗಿಡ್ಡ ಕಾಲು, ಅಗಲವಾದ ಎದೆ: ಇವೆಲ್ಲ ಆ ನೆಲದ ಬಡತನ ಕೊಟ್ಟ ಗುಣಗಳು. ಮಕ್ಕಳ ಸವಾರಿ ಆಗ ಯಾರ ತಲೆಯಲ್ಲೂ ಇರಲಿಲ್ಲ.

ಈ ಕುದುರೆಗೆ ಮಕ್ಕಳೊಡನೆ ಬಿದ್ದ ನಂಟನ್ನು ತಿಳಿಯಬೇಕಾದರೆ ದ್ವೀಪ ಬಿಟ್ಟು ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಿಗೆ ಹೋಗಬೇಕು. 1838ರ ಜುಲೈ 4ರಂದು ಯಾರ್ಕ್‌ಶೈರಿನ ಸಿಲ್ಕ್‌ಸ್ಟೋನ್ ಬಳಿಯ ಹಸ್ಕರ್ ಗಣಿಯ ಮೇಲೆ ಭಾರಿ ಮಳೆ ಸುರಿಯಿತು. ಒಳಗಿದ್ದ ಮಕ್ಕಳು ಒಂದು ಇಳಿಜಾರು ಸುರಂಗದಿಂದ ಹೊರಬರಲು ನೋಡಿದರು. ಉಕ್ಕಿದ ಹಳ್ಳದ ನೀರು ಅದೇ ದಾರಿಯಲ್ಲಿ ನುಗ್ಗಿ ಅವರನ್ನು ಗಾಳಿ ತಡೆಯುವ ಬಾಗಿಲಿಗೆ ಒತ್ತಿತು. ಇಪ್ಪತ್ತಾರು ಮಕ್ಕಳು ಸತ್ತರು. ಅವರಲ್ಲಿ ಏಳು ವರ್ಷದವರೂ ಇದ್ದರು. ಗಣಿಯೊಳಗೆ ಇಷ್ಟು ಚಿಕ್ಕವರು ಏನು ಮಾಡುತ್ತಿದ್ದರು ಎಂಬುದು ದೇಶಕ್ಕೆ ತಿಳಿದದ್ದು 1842ರಲ್ಲಿ, ಸರಕಾರಿ ಆಯೋಗದ ವರದಿ ಚಿತ್ರಗಳೊಂದಿಗೆ ಅಚ್ಚಾದಾಗ. ಕೆಲವರು ಕತ್ತಲಲ್ಲಿ ಒಬ್ಬರೇ ಕುಳಿತು, ಬಂಡಿ ಬಂದಾಗ ಬಾಗಿಲು ತೆರೆದು, ಹೋದಮೇಲೆ ಮುಚ್ಚುತ್ತಿದ್ದರು. ಇನ್ನು ಕೆಲವರು, ಹುಡುಗಿಯರೂ ಸೇರಿ, ಸೊಂಟಕ್ಕೆ ಪಟ್ಟಿ ಕಟ್ಟಿ, ಕಾಲುಗಳ ನಡುವೆ ಸರಪಳಿ ಹಾಯಿಸಿ, ನಾಲ್ಕು ಕಾಲಿನ ಮೇಲೆ ತೆವಳುತ್ತ ಕಲ್ಲಿದ್ದಲಿನ ಬಂಡಿ ಎಳೆಯುತ್ತಿದ್ದರು. ಕಲ್ಲಿದ್ದಲಿನ ಪದರ ತೆಳ್ಳಗಿದ್ದ ಕಡೆ ಸುರಂಗವೂ ಕುಳ್ಳಾಗಿರುತ್ತಿತ್ತು. ಅಲ್ಲಿಗೆ ದೊಡ್ಡ ಮನುಷ್ಯ ಹಿಡಿಯುವುದಿಲ್ಲ, ದೊಡ್ಡ ಕುದುರೆಯಂತೂ ಇಲ್ಲವೇ ಇಲ್ಲ. ಮಗು ಹಿಡಿಯುತ್ತಿತ್ತು.

ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಗಣಿ ಕಾಯ್ದೆ ಹೆಂಗಸರು, ಹುಡುಗಿಯರು ಮತ್ತು ಹತ್ತು ವರ್ಷದೊಳಗಿನ ಹುಡುಗರನ್ನು ನೆಲದಡಿಯ ಕೆಲಸದಿಂದ ತಪ್ಪಿಸಿತು. ಬಂಡಿ ಎಳೆಯುವ ಕೆಲಸ ಮಾತ್ರ ಅಲ್ಲೇ ಉಳಿಯಿತು. ಗಣಿಗಳಲ್ಲಿ ಕುದುರೆಗಳು ಹದಿನೆಂಟನೆಯ ಶತಮಾನದಿಂದಲೂ ಇದ್ದವು, ಆದರೆ ತಗ್ಗು ಸುರಂಗಗಳಿಗೆ ನುಗ್ಗುವಂಥವು ಬೇಕಾದದ್ದು ಈಗ. ವ್ಯಾಪಾರಿಗಳು ಶೆಟ್‌ಲ್ಯಾಂಡಿಗೆ ಹೊರಟರು. ಪೀಟ್ ಹೊರುವ ಕುದುರೆಗೆ ಒಮ್ಮೆಲೇ ಬೆಲೆ ಬಂತು. ಗಣಿಯೊಳಗೆ ಹೆಣ್ಣು ಕುದುರೆಗಳನ್ನು ಇಳಿಸುವ ರೂಢಿ ಇರಲಿಲ್ಲವಾದ್ದರಿಂದ ಖರೀದಿಯೆಲ್ಲ ಗಂಡುಮರಿಗಳದ್ದು. ಮಕ್ಕಳು ಬಿಟ್ಟುಹೋದ ಜಾಗಕ್ಕೆ, ಹೆಚ್ಚುಕಡಿಮೆ ಅವರಷ್ಟೇ ಎತ್ತರದ ಪ್ರಾಣಿಯೊಂದು ಹೀಗೆ ಇಳಿಯಿತು.

ಮಕ್ಕಳು ಪೂರ್ತಿ ಬಿಟ್ಟುಹೋಗಲಿಲ್ಲ ಎನ್ನುವುದನ್ನು ಮಾತ್ರ ಮರೆಯಬಾರದು. ಹತ್ತು ತುಂಬಿದ ಹುಡುಗರಿಗೆ ಗಣಿ ತೆರೆದೇ ಇತ್ತು. ಆ ಮಿತಿ 1900ರಲ್ಲಿ ಹದಿಮೂರಕ್ಕೆ, 1911ರಲ್ಲಿ ಹದಿನಾಲ್ಕಕ್ಕೆ ಏರಿತು. ಈ ಹುಡುಗರಲ್ಲಿ ಅನೇಕರಿಗೆ ಸಿಗುತ್ತಿದ್ದ ಕೆಲಸ ಕುದುರೆ ಹೊಡೆಯುವುದು. ಬೆಳಿಗ್ಗೆ ಲಾಯದಿಂದ ಬಿಚ್ಚಿ, ಸಜ್ಜು ಹಾಕಿ, ದಿನವಿಡೀ ಬಂಡಿಗಳ ಸಾಲಿನೊಂದಿಗೆ ಹೋಗಿ ಬಂದು, ಸಂಜೆ ಲಾಯಕ್ಕೆ ಒಪ್ಪಿಸುವುದು. ಲಾಯಗಳೂ ಬಹಳ ಕಡೆ ನೆಲದಡಿಯಲ್ಲೇ. ಆ ಜಾಗದಲ್ಲಿ ಒದೆಯುವ ಚಾಳಿಯ ಕುದುರೆಯಿಂದ ತಪ್ಪಿಸಿಕೊಳ್ಳಲು ಪಕ್ಕಕ್ಕೆ ಸರಿಯೋಣವೆಂದರೆ ಪಕ್ಕವೇ ಇರುವುದಿಲ್ಲ. ಬೆದರಿ ಓಡುವ ಕುದುರೆ ತಾನೂ ಸತ್ತು ಹುಡುಗನನ್ನೂ ಕೊಲ್ಲುತ್ತದೆ. ಮಗುವಿಗೆ ಬೇಕಾದ್ದು ಗಟ್ಟಿಮುಟ್ಟಾದ, ಶಾಂತವಾದ, ಸದ್ದಿಗೆ ಹೆದರದ, ಹೇಳಿದಲ್ಲಿ ನಿಲ್ಲುವ ಕುದುರೆ ಎಂದು ಇವತ್ತು ಸವಾರಿ ಶಾಲೆಗಳು ಹೇಳಿಕೊಡುವ ಲಕ್ಷಣಗಳ ಪಟ್ಟಿಯನ್ನು ಗಣಿಯ ಲಾಯದವರು ಯಾವ ಪುಸ್ತಕವೂ ಇಲ್ಲದೆ ಆಗಲೇ ಪಾಲಿಸುತ್ತಿದ್ದರು. ಅವರಿಗಿದ್ದ ಕಾರಣ ಪ್ರೀತಿಗಿಂತ ಲೆಕ್ಕಾಚಾರದ್ದು.

ಹುಡುಗರು ಮಾತ್ರ ಕುದುರೆಗಳನ್ನು ಹಚ್ಚಿಕೊಂಡರು. ತಮ್ಮ ಬುತ್ತಿಯ ಚೂರನ್ನು ಅವಕ್ಕೆ ಕೊಡುತ್ತಿದ್ದ, ಕೊಡದಿದ್ದರೆ ಅವೇ ಜೇಬಿನಿಂದ ಎಳೆದು ತಿನ್ನುತ್ತಿದ್ದ ನೆನಪುಗಳನ್ನು ಹಳೆಯ ಗಣಿಗಾರರು ಎಷ್ಟೋ ಹೇಳಿದ್ದಾರೆ. ಹುಡುಗನಾಗಿದ್ದಾಗ ಗಣಿಯಲ್ಲಿ ದುಡಿದು ಮುಂದೆ ಹೆಸರಾಂತ ಹಾಡುಗಾರನಾದ ಹ್ಯಾರಿ ಲಾಡರ್ ಈ ಕುದುರೆಗಳ ಪರವಾಗಿ ಬಹಿರಂಗವಾಗಿ ಮಾತನಾಡಿದ. 1911ರ ಕಲ್ಲಿದ್ದಲು ಗಣಿ ಕಾಯ್ದೆಯಲ್ಲಿ ಕುದುರೆಗಳ ಆರೈಕೆಗೆಂದೇ ನಿಯಮಗಳು ಸೇರಿದವು. ಆ ಹೊತ್ತಿಗೆ ಬ್ರಿಟನ್ನಿನ ನೆಲದಡಿಯಲ್ಲಿ ಸುಮಾರು 70,000 ಕುದುರೆಗಳಿದ್ದವು. ಎಲ್ಲವೂ ಶೆಟ್‌ಲ್ಯಾಂಡಿನವಲ್ಲ; ವೇಲ್ಸಿನವು, ಇನ್ನೂ ದೊಡ್ಡವು ಬೇಕಾದಷ್ಟಿದ್ದವು. ಅತಿ ತಗ್ಗಿನ ದಾರಿಗಳು ಮಾತ್ರ ಶೆಟ್‌ಲ್ಯಾಂಡಿನ ಪಾಲಿಗೆ.

ಇಷ್ಟು ಗಂಡುಮರಿಗಳನ್ನು ಕಳಿಸಿದ ದ್ವೀಪದ ಗತಿ ಏನಾಯಿತು? ಯಾವ ದನದ ಜಾತ್ರೆಗೆ ಹೋದವರಿಗೂ ಉತ್ತರ ಹೊಳೆಯುತ್ತದೆ. ಒಳ್ಳೆಯವನ್ನೆಲ್ಲ ಮಾರಿ ಉಳಿದವನ್ನು ಬೀಜಕ್ಕೆ ಬಿಟ್ಟರೆ ತಳಿ ಇಳಿಯುತ್ತ ಹೋಗುತ್ತದೆ. ಇದನ್ನು ತಡೆದವರು ಗಣಿ ಮಾಲೀಕರೇ ಎನ್ನುವುದು ಈ ಕಥೆಯ ಇನ್ನೊಂದು ತಿರುವು. ಡರಹಮ್ ಸೀಮೆಯಲ್ಲಿ ಗಣಿಗಳಿದ್ದ ಲಂಡನ್‌ಡೆರಿ ಮನೆತನ 1870ರ ಸುಮಾರಿಗೆ ಬ್ರೆಸೆ ಮತ್ತು ನಾಸ್ ಎಂಬ ಎರಡು ದ್ವೀಪಗಳಲ್ಲಿ ತನ್ನದೇ ಕುದುರೆ ತಳಿಕೇಂದ್ರ ನಡೆಸಲು ಶುರುಮಾಡಿತು. ಎತ್ತರ ಆದಷ್ಟು ಕಡಿಮೆ, ತೂಕ ಆದಷ್ಟು ಹೆಚ್ಚು ಎನ್ನುವುದು ಅಲ್ಲಿನ ಗುರಿ. 1871ರಲ್ಲಿ ಹುಟ್ಟಿದ ಜ್ಯಾಕ್ ಎಂಬ ಗಂಡು ಕುದುರೆಯ ರಕ್ತ ಇಂದಿನ ಶೆಟ್‌ಲ್ಯಾಂಡ್ ಕುದುರೆಗಳಲ್ಲಿ ಬಹುಪಾಲಿನವುಗಳಲ್ಲಿ ಹರಿಯುತ್ತಿದೆ. 1890ರಲ್ಲಿ ತಳಿಯ ವಂಶಾವಳಿ ಬರೆದಿಡಲು ಒಂದು ಸಂಘ ಹುಟ್ಟಿತು. 42 ಅಂಗುಲ, ಅಂದರೆ ಹೆಗಲ ಬಳಿ ಸುಮಾರು 107 ಸೆಂಟಿಮೀಟರ್, ಎನ್ನುವುದು ಎತ್ತರದ ಮಿತಿ. ಅದು ಇಂದಿಗೂ ಹಾಗೆಯೇ ಇದೆ. 1899ರಲ್ಲಿ ಲಂಡನ್‌ಡೆರಿಯವರ ಕುದುರೆಗಳು ಮಾರಾಟವಾಗಿ ಬೇರೆ ಬೇರೆ ಕೈ ಸೇರಿದವು. ನಾಸ್ ದ್ವೀಪದಲ್ಲಿ ಅವರು ಕುದುರೆಗಳಿಗೆ ಕಟ್ಟಿದ ಕಲ್ಲಿನ ದೊಡ್ಡಿ ಇನ್ನೂ ನಿಂತಿದೆ.

ಆಮೇಲಿನ ಐವತ್ತು ವರ್ಷಗಳಲ್ಲಿ ಗಣಿಗೆ ಯಂತ್ರಗಳು ಬಂದವು, ಕುದುರೆಗಳು ತೋಟದ ಮನೆಗಳಿಗೆ ಬಂದವು. ಬ್ರಿಟನ್ನಿನ ರಾಣಿಯಾಗಿದ್ದ ಎರಡನೆಯ ಎಲಿಜಬೆತ್‌ಗೆ ನಾಲ್ಕು ವರ್ಷವಾದಾಗ ಅವಳ ಅಜ್ಜ ಐದನೆಯ ಜಾರ್ಜ್ ಪೆಗ್ಗಿ ಎಂಬ ಶೆಟ್‌ಲ್ಯಾಂಡ್ ಕುದುರೆಯನ್ನು ಕೊಟ್ಟ. ಅನುಕೂಲವಂತರ ಮಕ್ಕಳಿಗೆಲ್ಲ ಅದೇ ಬೇಕಾಯಿತು. ಗಣಿಗಾಗಿ ತಗ್ಗಿಸಿದ ಎತ್ತರ ಇಲ್ಲಿ ಮಗುವಿನ ಎತ್ತರಕ್ಕೆ ಸರಿಹೋಯಿತು. ಬಂಡಿಗಾಗಿ ಕೂಡಿಸಿದ ತೂಕ ಬೆನ್ನಿನ ಬಲವಾಯಿತು. ಕತ್ತಲಿಗಾಗಿ ಆರಿಸಿದ ಶಾಂತಿ ಹಗಲಿನಲ್ಲೂ ಹೇಗಿದ್ದರೂ ಉಳಿಯುತ್ತದೆ ಎಂದು ಕೊಂಡವರು ನಂಬಿದರು.

ಅದು ಹಾಗೆ ಉಳಿಯಲಿಲ್ಲ. 1953ರಲ್ಲಿ ‘ಪಂಚ್’ ಪತ್ರಿಕೆಯಲ್ಲಿ ನಾರ್ಮನ್ ಥೆಲ್‌ವೆಲ್ ಎಂಬ ವ್ಯಂಗ್ಯಚಿತ್ರಕಾರ ಪುಟ್ಟ ಹುಡುಗಿ ಮತ್ತು ಅವಳ ದುಂಡು ಕುದುರೆಯ ಚಿತ್ರಗಳನ್ನು ಶುರುಮಾಡಿದ. ಕುದುರೆಗೆ ಕಣ್ಣು ಮುಚ್ಚುವಷ್ಟು ಕೂದಲು, ಪೀಪಾಯಿಯಂಥ ಹೊಟ್ಟೆ. ಹುಡುಗಿ ಒಂದೋ ಹಾರಿ ಬೀಳುತ್ತಿದ್ದಾಳೆ, ಇಲ್ಲವೇ ಅಲುಗದೆ ನಿಂತ ಕುದುರೆಯನ್ನು ಎಳೆದು ಸೋತಿದ್ದಾಳೆ. ದೇಶ ನಕ್ಕಿತು, ಏಕೆಂದರೆ ಅಂಥ ಕುದುರೆ ಪಕ್ಕದ ಮನೆಯಲ್ಲೇ ಇತ್ತು. ಗಣಿಯಲ್ಲಿ ಹನ್ನೆರಡು ವರ್ಷದವನ ಮಾತು ಕೇಳುತ್ತಿದ್ದ ತಳಿ, ಹುಲ್ಲುಹಾಸಿನಲ್ಲಿ ಎಂಟು ವರ್ಷದವಳನ್ನು ಕೆಡವುತ್ತಿದ್ದುದು ಏಕೆ?

ಮೊದಲನೆಯದು ಮೇವು. ಪಾಚಿ ತಿಂದು ಚಳಿಗಾಲ ಕಳೆಯಲು ಮಾಡಿದ ಮೈಗೆ ದಕ್ಷಿಣ ಇಂಗ್ಲೆಂಡಿನ ಸೊಂಪಾದ ಹುಲ್ಲು ಸಿಕ್ಕಿತು. ಸಕ್ಕರೆಯಂಶ ಹೆಚ್ಚಿರುವ ಅಂಥ ಹುಲ್ಲು ಇವಕ್ಕೆ ವಿಷದಂತೆ. ಗೊರಸಿನೊಳಗಿನ ಪದರ ಉರಿಯೂತಗೊಂಡು ಕುದುರೆ ಕಾಲೂರಲಾರದೆ ನಿಲ್ಲುತ್ತದೆ. ಲ್ಯಾಮಿನೈಟಿಸ್ ಎಂಬ ಈ ರೋಗ ಮಕ್ಕಳ ಕುದುರೆಗಳನ್ನು ಇಂದಿಗೂ ಕಾಡುತ್ತಿದೆ. ಕಾಲು ನೋಯುವ ಪ್ರಾಣಿ ಮುಂದೆ ಹೋಗಲು ಒಲ್ಲೆ ಎಂದಾಗ ಅದನ್ನು ಮೊಂಡು ಎಂದು ಬೈದವರು ಎಷ್ಟು ಮಂದಿಯೋ.

ಎರಡನೆಯದು ಹೆಚ್ಚು ಜನರ ಗಮನಕ್ಕೆ ಬರದ ಸಂಗತಿ. ಕುದುರೆಗೆ ಸವಾರಿಯ ಪಾಠ ಕಲಿಸುವವನು ಅದರ ಮೇಲೆ ಕುಳಿತು ಕಲಿಸಬೇಕು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಆರನೆಯ ಒಂದು, ಹೆಚ್ಚೆಂದರೆ ಐದನೆಯ ಒಂದು ಭಾಗ ಮೀರಬಾರದು ಎಂಬ ಲೆಕ್ಕವಿದೆ. 180 ಕಿಲೋ ತೂಗುವ ಶೆಟ್‌ಲ್ಯಾಂಡ್ ಕುದುರೆಗೆ ಅದು 30ರಿಂದ 36 ಕಿಲೋ. ಅಷ್ಟು ಹಗುರದ ನುರಿತ ಸವಾರ ಎಲ್ಲಿ ಸಿಗುತ್ತಾನೆ? ಹಾಗಾಗಿ ದೊಡ್ಡವರಿಗೆಂದು ಮಾರುವ ಕುದುರೆಯನ್ನು ದೊಡ್ಡವರು ಪಳಗಿಸಿರುತ್ತಾರೆ. ಅತಿ ಸಣ್ಣ ಮಗುವಿಗೆಂದು ಮಾರುವ ಕುದುರೆ ಬಹಳ ಸಲ ಅರೆಬರೆ ಪಳಗಿರುತ್ತದೆ. ಗಣಿಯಲ್ಲಿ ಈ ತೊಡಕು ಇರಲಿಲ್ಲ. ಅಲ್ಲಿ ಪಾಠವೆಲ್ಲ ನೆಲದ ಮೇಲೆ ನಿಂತು, ಸರಂಜಾಮು ಹಾಕಿ, ಬಾಯಿಮಾತಿನಿಂದ. ಬಲ್ಲವರು ಇಂದಿಗೂ ಇದೇ ದಾರಿ ಹಿಡಿಯುತ್ತಾರೆ: ಉದ್ದನೆಯ ಲಗಾಮು ಹಿಡಿದು ಹಿಂದೆ ನಡೆಯುತ್ತ ತಿಂಗಳುಗಟ್ಟಲೆ ಓಡಾಡಿಸುತ್ತಾರೆ, ಸಣ್ಣ ಗಾಡಿಗೆ ಕಟ್ಟುತ್ತಾರೆ, ಬೆನ್ನ ಮೇಲೆ ಮಗು ಬರುವುದು ಆಮೇಲೆ. ಬ್ರಿಟನ್ನಿನ ಕುದುರೆ ಪ್ರದರ್ಶನಗಳಲ್ಲಿ ಅತಿ ಚಿಕ್ಕ ಮಕ್ಕಳ ಸ್ಪರ್ಧೆಗಳಲ್ಲಿ ದೊಡ್ಡವರೊಬ್ಬರು ಹಗ್ಗ ಹಿಡಿದು ಪಕ್ಕದಲ್ಲಿ ನಡೆಯುವುದು ನಿಯಮ. ಮಾಥೆರಾನಿನ ಕುದುರೆಯವನೂ ಮಾಡುವುದು ಅದನ್ನೇ. ನಿಜವಾದ ಸವಾರ ಅವನು, ಮಗು ಪ್ರಯಾಣಿಕ.

ತಳಿಯ ಹೆಸರೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ಸಾಕ್ಷಿ. 1888ರಲ್ಲೇ ಅಲ್ಲಿ ಶೆಟ್‌ಲ್ಯಾಂಡ್ ಸಂಘ ಕಟ್ಟಿದರು. ಪ್ರದರ್ಶನದಲ್ಲಿ ಮುಂಗಾಲು ಎತ್ತೆತ್ತಿ ಕುಣಿಯುವ ಚುರುಕು ಕುದುರೆಗೆ ಬಹುಮಾನ ಸಿಗತೊಡಗಿತು. ಅದಕ್ಕಾಗಿ ಹ್ಯಾಕ್ನಿ ತಳಿಯ ರಕ್ತ ಬೆರೆಸಿದರು. ತೆಳ್ಳಗಿನ, ಉದ್ದ ಕಾಲಿನ, ಬಿಸಿರಕ್ತದ ಒಂದು ಹೊಸ ಪ್ರಾಣಿ ಹುಟ್ಟಿತು. 1950ರ ದಶಕದಲ್ಲಿ ಅದರ ಬೆಲೆ ಗಗನಕ್ಕೇರಿ, ನಂತರ ದೊಪ್ಪನೆ ಕುಸಿಯಿತು. ಹೆಸರು ಶೆಟ್‌ಲ್ಯಾಂಡ್ ಎಂದೇ ಇತ್ತು. ಅದನ್ನು ನೋಡಿ ಮಗುವಿಗೆಂದು ಕೊಂಡ ಅಪ್ಪಂದಿರಿಗೆ ಸಿಕ್ಕಿದ್ದು ಗಾಡಿಗೆ ಕಟ್ಟಿ ಮೆರೆಸಲು ಬೆಳೆಸಿದ ಕುದುರೆ.

ಇಷ್ಟೆಲ್ಲ ನೋಡಿದ ಹಳಬರು ಮಗುವಿಗೆ ಕುದುರೆ ಆರಿಸುವಾಗ ತಳಿಗಿಂತ ವಯಸ್ಸನ್ನು ಮೊದಲು ಕೇಳುತ್ತಾರೆ. ಮಗುವೂ ಮರಿಯೂ ಒಟ್ಟಿಗೆ ಬೆಳೆಯಲಿ ಎಂಬ ಆಸೆ ಕೇಳಲು ಚೆಂದ, ಆದರೆ ಇಬ್ಬರು ಕಲಿಯದವರು ಒಬ್ಬರಿಗೊಬ್ಬರು ಏನು ಕಲಿಸಿಯಾರು? ಹತ್ತು ಹದಿನೈದು ದಾಟಿದ, ಈಗಾಗಲೇ ಎರಡು ಮೂರು ಮನೆಯ ಮಕ್ಕಳನ್ನು ಹೊತ್ತು ದೊಡ್ಡವರನ್ನಾಗಿ ಮಾಡಿದ ಕುದುರೆಯೇ ಮೇಲು. ಈ ಸಣ್ಣ ಕುದುರೆಗಳು ಇಪ್ಪತ್ತೈದು, ಮೂವತ್ತು ವರ್ಷ ಬದುಕುವುದು ಅಪರೂಪವಲ್ಲವಾದ್ದರಿಂದ ಅದಕ್ಕೆ ಮುದಿತನ ಬಂತೆಂದು ಅಂಜಬೇಕಿಲ್ಲ. ಜೀನು ಹಾಕಿ ಸಿದ್ಧಮಾಡಿಟ್ಟ ಕುದುರೆಯನ್ನು ನೋಡಿ ಬೆಲೆ ಮಾತಾಡುವುದೂ ಇಲ್ಲ. ಹೊಲದಲ್ಲಿ ಮೇಯುತ್ತಿರುವಾಗ ಹೋಗಿ, ಅದು ಹಿಡಿಸಿಕೊಳ್ಳುತ್ತದೆಯೇ, ನಾಲ್ಕೂ ಗೊರಸು ಎತ್ತಗೊಡುತ್ತದೆಯೇ, ಜೊತೆಯ ಕುದುರೆಯನ್ನು ಬಿಟ್ಟು ಒಂಟಿಯಾಗಿ ರಸ್ತೆಗೆ ಬರುತ್ತದೆಯೇ, ಹಿಂದಿನಿಂದ ಲಾರಿ ಬಂದರೆ ಏನು ಮಾಡುತ್ತದೆ ಎಂದು ನೋಡುತ್ತಾರೆ. ಆಮೇಲೆ, ಇಷ್ಟು ದಿನ ಅದನ್ನು ಯಾರು ನೋಡಿಕೊಂಡರೆಂದು ಕೇಳುತ್ತಾರೆ.

ಬ್ರಿಟನ್ನಿನ ದೊಡ್ಡ ಗಣಿಗಳಲ್ಲಿ ಉಳಿದಿದ್ದ ಕೊನೆಯ ಕುದುರೆಗಳು 1994ರಲ್ಲಿ ನಾರ್ಥಂಬರ್ಲೆಂಡಿನ ಎಲಿಂಗ್ಟನ್ ಗಣಿಯಿಂದ ಮೇಲೆ ಬಂದವು. ವೇಲ್ಸಿನ ಒಂದು ಸಣ್ಣ ಗಣಿಯಲ್ಲಿ ರಾಬಿ ಎಂಬ ಕುದುರೆ 1999ರ ತನಕ ದುಡಿಯಿತು.