ದುಪ್ಪಟ್ಟಿನ ಗೆರೆ: ಹಡಗಲಿ–ಕೂಡ್ಲಿಗಿ ಸೀಮೆಯ ಸಾಲದ ಚರಿತ್ರೆ

ಸಾಲವು ಮನುಷ್ಯನ ಅವಶ್ಯಕತೆಯಿಂದ ಹುಟ್ಟುತ್ತದೆ. ಅದು ಬಾಧೆಯಾಗುವುದು ಅದಕ್ಕೊಂದು ಮೇರೆ ಇಲ್ಲದಾದಾಗ. ಈ ಮಾತಿಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಚರಿತ್ರೆಯೇ ನಿದರ್ಶನ. ಬಹುಪಾಲು ಮಳೆಯನ್ನೇ ನೆಚ್ಚಿದ ಈ ನಾಡಿನಲ್ಲಿ ಜೋಳ, ಶೇಂಗಾ ಕಣಕ್ಕೆ ಬರುವ ಮೊದಲೇ ಬೀಜದ ಖರ್ಚು, ಮದುವೆಯ ಖರ್ಚು, ಔಷಧದ ಖರ್ಚು ಬಾಗಿಲಿಗೆ ಬಂದು ನಿಲ್ಲುತ್ತವೆ. ಆ ನಡುವಣ ತಿಂಗಳುಗಳನ್ನು ದಾಟಿಸುವ ಹರಿಗೋಲೇ ಸಾಲ.

1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಇಲ್ಲಿ ರೈತವಾರಿ ಕಂದಾಯಕ್ಕೆ ತಳಹದಿ ಹಾಕಿದನು. ಕಂದಾಯವನ್ನು ನಗದಾಗಿ ತೆರಬೇಕಾಗಿತ್ತು. ಮಳೆ ಹೋದ ವರ್ಷ ರೈತನಿಗೆ ಸಾಹುಕಾರನ ಮನೆಯಲ್ಲದೆ ಬೇರೆ ದಾರಿಯಿರಲಿಲ್ಲ. 1876–78ರ ಕ್ಷಾಮವು ಈ ದುಃಸ್ಥಿತಿಯನ್ನು ಇನ್ನಷ್ಟು ಹೆಚ್ಚಿಸಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಬಡ್ಡಿಯ ಬಾಕಿ ಅಸಲನ್ನು ಮೀರಬಾರದೆಂಬ ‘ದಾಮದುಪ್ಪಟ್ಟು’ ಧರ್ಮಶಾಸ್ತ್ರದ ಹಳೆಯ ನಿಯಮ. ಮುಂಬಯಿ ಪ್ರಾಂತದ ನ್ಯಾಯಾಲಯಗಳು ಹಿಂದೂ ಸಾಲಗಾರರ ವಿಷಯದಲ್ಲಿ ಇದನ್ನು ಉಳಿಸಿಕೊಂಡವು. ಮದರಾಸಿನ ಉಚ್ಚನ್ಯಾಯಾಲಯ ಅಂಗೀಕರಿಸಲಿಲ್ಲ. ತುಂಗಭದ್ರೆಯ ಆಚೆಯ ದಡ ಮುಂಬಯಿಗೆ ಸೇರಿದ್ದ ಧಾರವಾಡ ಜಿಲ್ಲೆ, ಈಚೆಯ ಹಡಗಲಿ ಮದರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆ. ನುಡಿ ಒಂದೇ, ಆಚಾರ ಒಂದೇ. ಆದರೆ ಆಚೆಯ ರೈತನ ಬಡ್ಡಿಗೆ ಗೆರೆಯಿತ್ತು, ಈಚೆಯವನ ಬಡ್ಡಿಗೆ ಇರಲಿಲ್ಲ. 1904ರ ಸಹಕಾರಿ ಕಾಯಿದೆಯನ್ನನುಸರಿಸಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದ ಕಣಗಿನಹಾಳವೂ ಆಚೆಯ ದಡದ್ದೇ. ಈಚೆಯ ದಡದವರಿಗೆ ಗೆರೆ ದೊರೆತುದು 1938ರಲ್ಲಿ. ಆ ವರ್ಷದ ಮದರಾಸು ಕೃಷಿಕರ ಋಣಪರಿಹಾರ ಶಾಸನವು, ಅಸಲು ಬಡ್ಡಿಗಳ ರೂಪದಲ್ಲಿ ಅಸಲಿನ ಇಮ್ಮಡಿಯನ್ನು ಕೊಟ್ಟ ಕೃಷಿಕನ ಹಳೆಯ ಸಾಲ ತೀರಿತೆಂದು ವಿಧಿಸಿತು.

1953ರಲ್ಲಿ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. 1969ರಲ್ಲಿ 14 ದೊಡ್ಡ ಬ್ಯಾಂಕುಗಳು ರಾಷ್ಟ್ರೀಕೃತವಾದವು. 1976ರಲ್ಲಿ ಎರಡು ಮುಖ್ಯ ಸಂಗತಿಗಳು ಜರುಗಿದವು: ದೇವರಾಜ ಅರಸರ ಸರ್ಕಾರದ ಋಣಪರಿಹಾರ ಶಾಸನವು ಬಡವರನ್ನು ಖಾಸಗಿ ಸಾಲದಿಂದ ಬಿಡಿಸಿತು, ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು ಸ್ಥಾಪಿತವಾಯಿತು. ಹಲವು ವಿಲೀನಗಳನ್ನು ಕಂಡ ಆ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿಯನ್ನೇ ಕೇಂದ್ರವಾಗುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ. ಸಾಹುಕಾರನ ಜಗಲಿಯಿಂದ ಬ್ಯಾಂಕಿನ ಕಿಟಕಿಗೆ ರೈತ ನಡೆದು ಬಂದುದು ಸಣ್ಣ ಮಾತಲ್ಲ.

ಆದರೆ ಮೇರೆಯ ಪ್ರಶ್ನೆ ಹೊಸ ವೇಷದಲ್ಲಿ ಮರಳಿದೆ. ಉಚಿತ ಮಿತಿಯನ್ನು ದಾಟಿ ಎಟಿಎಂನಿಂದ ಹಣ ತೆಗೆದರೆ ಪ್ರತಿ ಸಲಕ್ಕೆ 23 ರೂಪಾಯಿಯವರೆಗೆ ಶುಲ್ಕ ವಿಧಿಸಲು 2025ರ ಮೇ ತಿಂಗಳಿಂದ ಅವಕಾಶವಿದೆ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಅಪರೂಪವಲ್ಲ. ಈ ದರದಲ್ಲಿ ಏನೂ ಕಟ್ಟದೆ ಬಿಟ್ಟ 10,000 ರೂಪಾಯಿ ಚಕ್ರಬಡ್ಡಿಯಿಂದ 21ನೆಯ ತಿಂಗಳಿಗೆ ದುಪ್ಪಟ್ಟನ್ನು ಮೀರುತ್ತದೆ. ವರ್ಷಕ್ಕೆ ಶೇಕಡ 30ನ್ನು ಮೀರಿದ ಕಾರ್ಡಿನ ಬಡ್ಡಿ ಅನ್ಯಾಯದ ವ್ಯಾಪಾರವೆಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ತೀರ್ಪಿತ್ತಿತು. 2024ರ ಡಿಸೆಂಬರ್ 20ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ದರದ ನಿಯಂತ್ರಣ ರಿಸರ್ವ್ ಬ್ಯಾಂಕಿನ ಅಧಿಕಾರಕ್ಕೆ ಸೇರಿದ್ದೆಂಬುದು ಅದರ ನಿಲುವು. 1938ರಲ್ಲಿ ಎಳೆದ ಗೆರೆ ಈ ಸಾಲಕ್ಕೆ ಇಲ್ಲ. ಸಮಾಧಾನದ ಸಂಗತಿಯೂ ಉಂಟು. 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲ ಕೊಡುವವರು ಬಡ್ಡಿ, ಶುಲ್ಕಗಳನ್ನೆಲ್ಲ ಕೂಡಿಸಿದ ವಾರ್ಷಿಕ ದರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು. ಕಾರ್ಡಿನ ಬಾಕಿ ಮಾತ್ರ ಇದರ ಹೊರಗಿದೆ. ಕಿರುಸಾಲದ ಬಲವಂತದ ವಸೂಲಿಯನ್ನು ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ.

ಶರಣರ ಚರಿತ್ರೆಯಲ್ಲಿ ಈ ಗೆರೆಯನ್ನು ಎರಡು ಕಡೆಯಿಂದಲೂ ಎಳೆಯಲಾಗಿದೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ದೂರು ಬಂದಾಗ ಭಂಡಾರವನ್ನು ತೆರೆದು ಲೆಕ್ಕ ಒಪ್ಪಿಸಿದರೆಂದು ಪುರಾಣಗಳು ಹೇಳುತ್ತವೆ. ಹಣವನ್ನು ಕೈಯಲ್ಲಿಟ್ಟುಕೊಂಡವನ ಧರ್ಮವದು. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಹೆಚ್ಚಾದುದನ್ನು ಮರಳಿ ಸುರಿದು ಬರಲು ಹೇಳಿದಳು, ಪಡೆಯುವವನ ಧರ್ಮವದು. ಇಂದು ಲಕ್ಕಮ್ಮನ ಸಂಯಮವನ್ನು ಬಡವನಿಗೆ ಬೋಧಿಸುವವರು ಬಹಳ. ಭಂಡಾರಿಯ ಲೆಕ್ಕವನ್ನು ಬಲ್ಲಿದನಿಂದ ಕೇಳುವವರು ವಿರಳ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಅದು ಶರಣಮಾರ್ಗವೆನಿಸದು. ಸಾಲದ ಕಾಗದಕ್ಕೆ ಹೆಬ್ಬೆಟ್ಟೊತ್ತುವ ಮುನ್ನ ಒಟ್ಟು ದರವೆಷ್ಟೆಂದು ಕೇಳುವುದು ಸಾಲಗಾರನ ಹಕ್ಕು. ಅದನ್ನು ಓದಿ ತಿಳಿಸುವುದು ಅಕ್ಷರ ಬಲ್ಲವರ ಕಾಯಕ.